ಇಂಜೆಕ್ಷನ್ ಯಾರ ಕೈ ಹಿಡಿಯುತ್ತದೆ?

ಈ ಸಲದ ಮಾತು ನನ್ನ ಬಲ ಮೊಣಕೈಯಿಂದ ಶುರುವಾಗುತ್ತದೆ.

ಎರಡು ವರ್ಷದ ಹಿಂದಿನ ಮಾತು. ಇಲ್ಲಿ ಬ್ರಿಸ್ಬೇನಿನಲ್ಲಿ ನಮ್ಮ ರಾಜ್ಯೋತ್ಸವದ ಊಟಕ್ಕೆ ಇನ್ನು ಮೂರು ವಾರ ಉಳಿದಿತ್ತು. ನೂರೈವತ್ತು ಜನರ ಬಿಸಿಬೇಳೆಬಾತಿನ ಹೊಣೆ ನನ್ನ ಮೇಲೂ ನನ್ನ ಒಬ್ಬ ಗೆಳತಿಯ ಮೇಲೂ ಬಿದ್ದಿತ್ತು. ಅಷ್ಟರಲ್ಲಾಗಲೇ ನನಗೆ ಕೆಟಲ್ ಎತ್ತಿದರೆ ಮೊಣಕೈಯ ಹೊರಬದಿಯಲ್ಲಿ ಚಳಕ್ ಅನ್ನುತ್ತಿತ್ತು. ಗೆಳತಿಗೂ ಅದೇ ಜಾಗದಲ್ಲಿ ಅದೇ ನೋವು. ಇಬ್ಬರಿಗೂ ಡಾಕ್ಟರ್ ಹೇಳಿದ್ದು ಒಂದೇ ಹೆಸರು, ಟೆನ್ನಿಸ್ ಎಲ್ಬೋ. ನಾವಿಬ್ಬರೂ ಟೆನ್ನಿಸ್ ಬ್ಯಾಟನ್ನು ಕೈಯಲ್ಲಿ ಹಿಡಿದವರಲ್ಲ. ಹಿಡಿದಿದ್ದೆಲ್ಲ ಲಟ್ಟಣಿಗೆ, ಸೌಟು, ಕುಕ್ಕರಿನ ಹಿಡಿ. ಒಂದೇ ವಾರದಲ್ಲಿ, ಒಬ್ಬರೇ ಡಾಕ್ಟರ ಹತ್ತಿರ, ಇಬ್ಬರೂ ಸ್ಟೀರಾಯ್ಡ್ ಇಂಜೆಕ್ಷನ್ ಹಾಕಿಸಿಕೊಂಡೆವು.

ರಾಜ್ಯೋತ್ಸವದ ದಿನ ಇಬ್ಬರ ಕೈಯೂ ಹೂವಿನ ಹಾಗಿತ್ತು. ದೊಡ್ಡ ಪಾತ್ರೆಗಳನ್ನು ನಾವೇ ಎತ್ತಿ ಇಳಿಸಿದೆವು. ಸಂಕ್ರಾಂತಿಯ ಹೊತ್ತಿಗೆ ನನ್ನ ನೋವು ಮೊದಲಿಗಿಂತ ಜಾಸ್ತಿಯಾಗಿ ವಾಪಸ್ ಬಂತು. ಹಲ್ಲುಜ್ಜುವ ಬ್ರಷ್ ಹಿಡಿಯಲೂ ಎಡಗೈ ಬೇಕಾಯಿತು. ಗೆಳತಿಗೆ ಮಾತ್ರ ಏನೂ ಇಲ್ಲ, ಇವತ್ತಿಗೂ ಇಲ್ಲ. ಊರಿನಿಂದ ಅಮ್ಮ ಫೋನಿನಲ್ಲಿ, "ಡಾಕ್ಟರ ಕೈಗುಣ ಸರಿಯಿಲ್ಲ" ಅಂದಳು. ಅದೇ ಕೈ ಗೆಳತಿಗೂ ಚುಚ್ಚಿದ್ದು ಅಂತ ಹೇಳಿದರೆ ಅವಳು ಒಪ್ಪಲಿಲ್ಲ. ಹನ್ನೊಂದನೇ ತರಗತಿಯಲ್ಲಿ ಲೆಕ್ಕ ಓದುತ್ತಿದ್ದ ನನ್ನ ಮಗ ಬೇರೆ ಪ್ರಶ್ನೆ ಕೇಳಿದ: "ಇಬ್ಬರಲ್ಲಿ ಯಾರಿಗೆ ಕೆಲಸ ಮಾಡುತ್ತೆ ಅಂತ ಮೊದಲೇ ಗೊತ್ತಾಗಲ್ವಾ?"

ನಾನು ಡಾಕ್ಟರ್ ಅಲ್ಲ, ಕನ್ನಡ ಎಂ.ಎ. ಮಾಡಿದವಳು. ಆದರೆ ಕೈ ಕೆಲಸಕ್ಕೆ ಬಾರದೆ ಕೂತವಳಿಗೆ ಓದುವುದಕ್ಕೆ ಬೇಕಾದಷ್ಟು ಸಮಯ ಸಿಕ್ಕಿತು. ಆ ಪ್ರಶ್ನೆಗೆ ನನಗೆ ಸಿಕ್ಕ ಉತ್ತರವನ್ನು ನಿಮಗೆ ಹೇಳಬೇಕು ಅನ್ನಿಸಿದ್ದಕ್ಕೆ ಕಾರಣ ಇದೆ. ನಿಮ್ಮಲ್ಲಿ ಬ್ಯಾಡ್ಮಿಂಟನ್, ಕ್ರಿಕೆಟ್, ನೆಟ್‌ಬಾಲ್ ಆಡುವವರಿದ್ದೀರಿ. ಅದಕ್ಕಿಂತ ಮುಖ್ಯವಾಗಿ, ಅಜ್ಜಿ ತಾತ ಇಲ್ಲಿಗೆ ಬಂದಾಗ ಡಾಕ್ಟರ ಮುಂದೆ ಅವರ ಬಾಯಿ ಆಗುವವರು ನೀವೇ.

ಮೊದಲು ಟೆಂಡನ್ ಅಂದರೆ ಏನು ಅಂತ ನೋಡೋಣ. ಸ್ನಾಯುವನ್ನು ಎಲುಬಿಗೆ ಕಟ್ಟಿರುವ ಹಗ್ಗ ಅದು. ಕನ್ನಡ ಪಠ್ಯಗಳಲ್ಲಿ ಅದಕ್ಕೆ ಸ್ನಾಯುರಜ್ಜು ಅನ್ನುತ್ತಾರೆ. ರಜ್ಜು ಅಂದರೆ ಹಗ್ಗವೇ. ಇಲ್ಲಿ ನನ್ನ ಎಂ.ಎ. ಸ್ವಲ್ಪ ಕೆಲಸಕ್ಕೆ ಬರಲಿ: ನಾವು ಈಗ ಸ್ನಾಯು ಅಂದರೆ ಮಾಂಸಖಂಡ ಅಂದುಕೊಳ್ಳುತ್ತೇವೆ. ಹಳೆಯ ಸಂಸ್ಕೃತದಲ್ಲಿ ಆ ಪದಕ್ಕೆ ನಾರು, ಬಿಲ್ಲಿನ ಹೆದೆ ಎಂಬ ಅರ್ಥಗಳೂ ಇದ್ದವು. ಹೆದೆ ಎನ್ನುವುದು ಬಹಳ ಒಳ್ಳೆಯ ಹೋಲಿಕೆ. ಎಳೆತವನ್ನು ಹೊತ್ತು ದಾಟಿಸುವುದೇ ಅದರ ಕೆಲಸ.

ಈ ಹೆದೆಯ ಒಂದು ಸ್ವಭಾವ ಕೇಳಿದರೆ ನಿಮಗೆ ಆಶ್ಚರ್ಯವಾಗುತ್ತದೆ. 1950 ಮತ್ತು 60ರ ದಶಕಗಳಲ್ಲಿ ದೇಶಗಳು ಬಯಲಿನಲ್ಲಿ ಅಣುಬಾಂಬ್ ಪರೀಕ್ಷೆ ಮಾಡಿದಾಗ ಗಾಳಿಯಲ್ಲಿ ಇಂಗಾಲ-14 ಎಂಬ ವಿಕಿರಣಶೀಲ ಇಂಗಾಲ ಹೆಚ್ಚಾಯಿತು. ಆಗ ಬೆಳೆಯುತ್ತಿದ್ದವರ ದೇಹದಲ್ಲೆಲ್ಲ ಅದು ಸೇರಿತು. ಡೆನ್ಮಾರ್ಕಿನ ಸಂಶೋಧಕರು ಹಿಮ್ಮಡಿಯ ಮೇಲಿನ ಅಕಿಲಿಸ್ ಟೆಂಡನ್ನಿನ ಒಳಭಾಗದಲ್ಲಿ ಆ ಇಂಗಾಲವನ್ನು ಅಳೆದು 2013ರಲ್ಲಿ ಬರೆದರು: ಟೆಂಡನ್ನಿನ ತಿರುಳು ಹುಟ್ಟಿನಿಂದ ಸುಮಾರು 17 ವರ್ಷದವರೆಗೆ ಕಟ್ಟಿಕೊಳ್ಳುತ್ತದೆ, ಆಮೇಲೆ ಅದು ಹೆಚ್ಚುಕಡಿಮೆ ಬದಲಾಗುವುದೇ ಇಲ್ಲ. ಚರ್ಮ, ರಕ್ತ ಎಲ್ಲ ಹೊಸದಾಗುತ್ತಲೇ ಇರುತ್ತವೆ. ಆದರೆ ಹೈಸ್ಕೂಲು ಮುಗಿಸುವ ಹೊತ್ತಿಗೆ ಇರುವ ಟೆಂಡನ್ ತಿರುಳನ್ನೇ ಇಟ್ಟುಕೊಂಡು ನೀವು ಅರವತ್ತರಲ್ಲೂ ನಡೆಯಬೇಕು. ಅದು ಹಾಳಾದರೆ ರಿಪೇರಿ ಯಾಕೆ ಅಷ್ಟು ನಿಧಾನ ಅಂತ ಇದರಿಂದ ತಿಳಿಯುತ್ತದೆ.

ಹಿಂದೆ ಈ ನೋವನ್ನು ಉರಿಯೂತ ಅಂದುಕೊಂಡಿದ್ದರು. ಉರಿಯೂತವಾದರೆ ಸ್ಟೀರಾಯ್ಡ್ ಸರಿಯಾದ ಔಷಧಿ, ಅದು ಉರಿ ಆರಿಸುತ್ತದೆ. ಆದರೆ ತಿಂಗಳುಗಟ್ಟಲೆ ನೋಯುವ ಟೆಂಡನ್ನನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕಂಡಿದ್ದು ಹೆಚ್ಚಾಗಿ ಬೇರೆ. ನೇರವಾಗಿ ಹೆಣೆದುಕೊಂಡಿರಬೇಕಾದ ಕೊಲಾಜನ್ ಎಳೆಗಳು ಕಲಸಿಹೋಗಿರುತ್ತವೆ, ಹಳೆಯ ಹಗ್ಗದ ಹುರಿ ಬಿಚ್ಚಿದ ಹಾಗೆ. ಹುರಿ ಬಿಚ್ಚಿದ ಹಗ್ಗಕ್ಕೆ ಬೆಂಕಿ ಆರಿಸುವ ನೀರು ಹಾಕಿದರೆ ಏನಾದೀತು? ನೋವಂತೂ ಕಡಿಮೆಯಾಗುತ್ತದೆ, ಅದು ನಿಜ. ನನಗೂ ಆಗಿತ್ತಲ್ಲ.

ಈಗ ಲೆಕ್ಕಕ್ಕೆ ಬರೋಣ. 2002ರಲ್ಲಿ ನೆದರ್ಲೆಂಡ್ಸಿನವರು ಟೆನ್ನಿಸ್ ಎಲ್ಬೋ ಇದ್ದ 185 ಜನರನ್ನು ಚೀಟಿ ಎತ್ತಿದ ಹಾಗೆ ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಸ್ಟೀರಾಯ್ಡ್ ಇಂಜೆಕ್ಷನ್, ಇನ್ನೊಂದಕ್ಕೆ ಫಿಸಿಯೋಥೆರಪಿ, ಮೂರನೆಯದಕ್ಕೆ ಸುಮ್ಮನೆ ಕಾದು ನೋಡಿ ಎಂಬ ಸಲಹೆ. ಆರು ವಾರಕ್ಕೆ ಇಂಜೆಕ್ಷನ್ ಗುಂಪಿನಲ್ಲಿ ನೂರಕ್ಕೆ 92 ಜನ ಗುಣ. ಫಿಸಿಯೋದಲ್ಲಿ 47, ಕಾದವರಲ್ಲಿ 32. ಅಲ್ಲಿಗೇ ನಿಲ್ಲಿಸಿದ್ದರೆ ಇಂಜೆಕ್ಷನ್ನಿಗೆ ಚಿನ್ನದ ಪದಕ. ಅವರು ಒಂದು ವರ್ಷ ಕಾದರು. ಆಗ ಇಂಜೆಕ್ಷನ್ ಗುಂಪಿನಲ್ಲಿ 69, ಫಿಸಿಯೋದಲ್ಲಿ 91, ಏನೂ ಮಾಡದೆ ಕಾದವರಲ್ಲಿ 83!

ನನಗೆ ಇನ್ನೂ ಹತ್ತಿರದ್ದು ನಮ್ಮ ಬ್ರಿಸ್ಬೇನಿನ ಪ್ರಯೋಗ. ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಸಂಶೋಧಕರು 165 ಜನರನ್ನು ತೆಗೆದುಕೊಂಡು 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಅರ್ಧ ಜನಕ್ಕೆ ಸ್ಟೀರಾಯ್ಡ್, ಇನ್ನರ್ಧಕ್ಕೆ ಬರೀ ಉಪ್ಪುನೀರಿನ ಇಂಜೆಕ್ಷನ್. ತನಗೆ ಯಾವುದು ಬಂತು ಅಂತ ರೋಗಿಗೆ ಗೊತ್ತಿಲ್ಲ. ಒಂದು ವರ್ಷದ ಮೇಲೆ ಪೂರ್ತಿ ಅಥವಾ ಬಹುಪಾಲು ಗುಣವಾದವರು ಸ್ಟೀರಾಯ್ಡಿನಲ್ಲಿ ನೂರಕ್ಕೆ 83, ಉಪ್ಪುನೀರಿನಲ್ಲಿ 96. ನಡುವೆ ನೋವು ಮರುಕಳಿಸಿದವರು ಸ್ಟೀರಾಯ್ಡಿನಲ್ಲಿ 54, ಉಪ್ಪುನೀರಿನಲ್ಲಿ 12. ಇದನ್ನು ಓದಿದ ದಿನ ನನಗೆ ಸ್ವಲ್ಪ ಕೋಪವೇ ಬಂತು. ನಮ್ಮ ಮನೆಯಿಂದ ಅರ್ಧ ಗಂಟೆಯ ದಾರಿಯಲ್ಲಿ ನಡೆದ ಕೆಲಸ, ನನಗೆ ಚುಚ್ಚುವಾಗ ಯಾರೂ ಬಾಯಿ ಬಿಡಲಿಲ್ಲ. ನಾನೂ ಕೇಳಲಿಲ್ಲ ಅನ್ನಿ. ರಾಜ್ಯೋತ್ಸವಕ್ಕೆ ಕೈ ಬೇಕಿತ್ತು, ಅಷ್ಟೇ.

ಈಗ ಮಗನ ಪ್ರಶ್ನೆ. ನೂರರಲ್ಲಿ 54 ಜನಕ್ಕೆ ಮರುಕಳಿಸಿತು ಅಂದರೆ 46 ಜನಕ್ಕೆ ಮರುಕಳಿಸಲಿಲ್ಲ. ಗೆಳತಿ ಆ 46ರಲ್ಲಿ ಒಬ್ಬಳು, ನಾನು 54ರಲ್ಲಿ ಒಬ್ಬಳು. ಹಾಗಾದರೆ ಆ 46 ಜನರ ಗುಣಲಕ್ಷಣ ಹುಡುಕಿ, ಅಂಥವರಿಗೆ ಮಾತ್ರ ಇಂಜೆಕ್ಷನ್ ಕೊಟ್ಟರಾಯಿತಲ್ಲ? ನನಗೂ ಮೊದಲು ಹಾಗೇ ಅನ್ನಿಸಿತು. ಎಲ್ಲರೂ ಎಡವುವುದು ಇಲ್ಲೇ.

ನಿಮಗೆ ಗೊತ್ತಿರುವ ಉದಾಹರಣೆ ಕೊಡುತ್ತೇನೆ. ಸೆಲೆಕ್ಟಿವ್ ಸ್ಕೂಲ್ ಪರೀಕ್ಷೆಗೆ ನಿಮ್ಮಲ್ಲಿ ಎಷ್ಟೋ ಜನ ಶನಿವಾರ ಬೆಳಿಗ್ಗೆ ಕೋಚಿಂಗಿಗೆ ಹೋಗಿದ್ದೀರಿ, ಅಪ್ಪ ಅಮ್ಮನನ್ನು ಬೈದುಕೊಂಡೇ. ಕೋಚಿಂಗಿನ ಗೋಡೆಯ ಮೇಲೆ ಪಾಸಾದವರ ಫೋಟೋ ಇರುತ್ತದೆ. ಆ ಫೋಟೋಗಳನ್ನು ನೋಡಿ, "ಚುರುಕಾದ ಮಕ್ಕಳಿಗೆ ಈ ಕೋಚಿಂಗ್ ಚೆನ್ನಾಗಿ ಕೆಲಸ ಮಾಡುತ್ತದೆ" ಅನ್ನಬಹುದೇ? ಚುರುಕಾದ ಮಕ್ಕಳು ಕೋಚಿಂಗ್ ಇಲ್ಲದೆಯೂ ಪಾಸಾಗುತ್ತಿದ್ದರೇನೋ. ಯಾರು ಪಾಸಾಗುತ್ತಾರೆ ಅನ್ನುವುದು ಒಂದು ಪ್ರಶ್ನೆ, ಯಾರು ಕೋಚಿಂಗಿನಿಂದಲೇ ಪಾಸಾಗುತ್ತಾರೆ ಅನ್ನುವುದು ಇನ್ನೊಂದು. ಎರಡನೆಯದನ್ನು ತಿಳಿಯಬೇಕಾದರೆ ಅಂಥದ್ದೇ ಮಕ್ಕಳು ಕೋಚಿಂಗ್ ಇಲ್ಲದೆ ಏನು ಮಾಡಿದರು ಅಂತಲೂ ನೋಡಬೇಕು. ಅವರ ಫೋಟೋ ಯಾವ ಗೋಡೆಯ ಮೇಲೂ ಇರುವುದಿಲ್ಲ.

ಟೆಂಡನ್ ವಿಷಯದಲ್ಲೂ ಹೀಗೇ. ಯಾರು ನಿಧಾನಕ್ಕೆ ಗುಣವಾಗುತ್ತಾರೆ ಅಂತ ತಕ್ಕಮಟ್ಟಿಗೆ ಹೇಳಬಹುದು. ಮೊದಲ ಭೇಟಿಯಲ್ಲೇ ನೋವು ಜೋರಾಗಿದ್ದವರು, ಬಹಳ ತಿಂಗಳಿಂದ ಎಳೆದುಕೊಂಡು ಬಂದವರು, ಜೊತೆಗೆ ಕುತ್ತಿಗೆ ನೋವೂ ಇದ್ದವರು ಒಂದು ವರ್ಷದ ಮೇಲೂ ನರಳುವುದು ಹೆಚ್ಚು ಅಂತ ನೆದರ್ಲೆಂಡ್ಸಿನವರು ಬರೆದಿದ್ದಾರೆ. ತಣ್ಣನೆಯ ವಸ್ತು ತಾಗಿದರೂ ನೋವು ಅನ್ನುವವರ ಚೇತರಿಕೆ ಕುಂಠಿತ ಅಂತ ಬ್ರಿಸ್ಬೇನಿನ ತಂಡ ಕಂಡಿದೆ. ಆದರೆ ಇವೆಲ್ಲ ರೋಗದ ಜಾತಕ, ಇಂಜೆಕ್ಷನ್ನಿನ ಜಾತಕ ಅಲ್ಲ. ನಿಧಾನಕ್ಕೆ ಗುಣವಾಗುವವನಿಗೆ ಇಂಜೆಕ್ಷನ್ ಹೆಚ್ಚು ಉಪಯೋಗವೋ ಕಡಿಮೆಯೋ ಅನ್ನುವುದು ಅದರಿಂದ ತಿಳಿಯುವುದಿಲ್ಲ.

ನನ್ನ ಗೆಳತಿಯನ್ನೇ ತೆಗೆದುಕೊಳ್ಳಿ. ಅವಳು ಇವತ್ತಿಗೂ ಆ ಇಂಜೆಕ್ಷನ್ನಿಗೆ ಕೈ ಮುಗಿಯುತ್ತಾಳೆ. ಉಪ್ಪುನೀರು ಹಾಕಿಸಿಕೊಂಡ ನೂರರಲ್ಲಿ 96 ಜನ ವರ್ಷದೊಳಗೆ ಗುಣವಾಗಿದ್ದರೆ, ಅವಳೂ ಹಾಗೇ ಗುಣವಾಗುತ್ತಿದ್ದಳು ಅನ್ನುವುದಕ್ಕೇ ಹೆಚ್ಚು ಸಾಧ್ಯತೆ. ಮೊದಲ ಆರು ವಾರದ ಸುಖ ಇಂಜೆಕ್ಷನ್ನಿನದು, ಆಮೇಲಿನದು ಕಾಲದ್ದು. ಇದನ್ನು ಅವಳಿಗೆ ಹೇಳಿದೆ. ಅವಳು ಎರಡು ದಿನ ಮಾತು ಬಿಟ್ಟಳು.

ಹಾಗಾದರೆ ಸ್ಟೀರಾಯ್ಡ್ ಪಡೆದವರನ್ನೂ ಪಡೆಯದವರನ್ನೂ ವಯಸ್ಸು, ಕೆಲಸ, ನೋವಿನ ತೀವ್ರತೆ ಹೀಗೆ ವಿಂಗಡಿಸಿ ಹೋಲಿಸಬಹುದಲ್ಲ ಅಂತ ನೀವು ಕೇಳಬಹುದು. ದಾರಿ ಅದೇ, ಆದರೆ ಜನ ಸಾಲುವುದಿಲ್ಲ. ಬ್ರಿಸ್ಬೇನಿನ 165 ಜನರಲ್ಲಿ ಫಿಸಿಯೋ ಇದ್ದವರು ಇಲ್ಲದವರು ಅಂತ ಮತ್ತೆ ಒಡೆದು ಒಟ್ಟು ನಾಲ್ಕು ಗುಂಪು ಮಾಡಿದ್ದರು. ಗುಂಪಿಗೆ ನಲವತ್ತು ಚಿಲ್ಲರೆ ಜನ. ಅದರಲ್ಲಿ ಹೆಂಗಸರು, ಅದರಲ್ಲಿ ಐವತ್ತು ದಾಟಿದವರು, ಅದರಲ್ಲಿ ಮಧುಮೇಹದವರು ಅಂತ ಸೋಸುತ್ತಾ ಹೋದರೆ ಕೊನೆಗೆ ಮೂರೋ ನಾಲ್ಕೋ ಜನ ಉಳಿಯುತ್ತಾರೆ. ಅಷ್ಟು ಜನರಲ್ಲಿ ಕಾಣುವ ವ್ಯತ್ಯಾಸ ನಾಣ್ಯ ಚಿಮ್ಮಿದ ಹಾಗೆ. ಮಗ ನಿಜವಾಗಿಯೂ ನಾಣ್ಯ ಚಿಮ್ಮಿ ತೋರಿಸಿದ, ನಾಲ್ಕಕ್ಕೆ ನಾಲ್ಕೂ ರಾಜ ಬಿತ್ತು. ಇಪ್ಪತ್ತು ಲಕ್ಷಣಗಳನ್ನು ಪರೀಕ್ಷಿಸಿದರೆ ಒಂದಾದರೂ ಆಕಸ್ಮಿಕವಾಗಿ ಹೊಂದಿಕೊಂಡ ಹಾಗೆ ಕಾಣುವ ಸಾಧ್ಯತೆಯೇ ಹೆಚ್ಚು. ಪತ್ರಿಕೆಯಲ್ಲಿ "ಇಂಥವರಿಗೆ ಈ ಇಂಜೆಕ್ಷನ್ ರಾಮಬಾಣ" ಅಂತ ಓದಿದಾಗ ಈ ನಾಣ್ಯವನ್ನು ನೆನಪಿಸಿಕೊಳ್ಳಿ.

ಒಳಗೆ ನೋಡಿದರೆ ಗೊತ್ತಾಗುವುದಿಲ್ಲವೇ? ಅಲ್ಟ್ರಾಸೌಂಡ್ ಇದೆಯಲ್ಲ? ಚಿತ್ರವೂ ನೋವೂ ಯಾವಾಗಲೂ ಒಂದೇ ಮಾತು ಆಡುವುದಿಲ್ಲ. ಟೆಂಡನ್ ಕೆಟ್ಟ ಹಾಗೆ ಕಂಡರೂ ನೋವಿಲ್ಲದೆ ಆಡುವ ಆಟಗಾರರಿದ್ದಾರೆ. ಚಿತ್ರ ನೋಡಿ ಇಂಜೆಕ್ಷನ್ನಿನ ಭವಿಷ್ಯ ಹೇಳುವುದು ಮೊಣಕೈಯ ಮಟ್ಟಿಗೆ ಅಷ್ಟು ಸುಲಭವಲ್ಲ.

ಇಷ್ಟಾದರೂ ಏನೂ ಹೇಳಲಾಗದು ಅಂತಲ್ಲ. ನನ್ನ ಓದಿನಲ್ಲಿ ನನಗೆ ಬಹಳ ಸಮಾಧಾನ ಕೊಟ್ಟ ವಿಷಯ ಇದು: ಭವಿಷ್ಯ ಹೇಳುವ ದೊಡ್ಡ ಸುಳಿವು ರೋಗಿಯಲ್ಲಿ ಇಲ್ಲ, ಜಾಗದಲ್ಲಿ ಇದೆ. ಯಾವ ಟೆಂಡನ್, ಅಲ್ಲಿ ಕೆಟ್ಟಿರುವುದು ಹಗ್ಗವೋ ಅಥವಾ ಹಗ್ಗ ಹಾದುಹೋಗುವ ಕೊಳವೆಯೋ?

ಇದಕ್ಕೆ ನಮ್ಮ ಅತ್ತೆಯವರ ಬೆರಳೇ ಸಾಕ್ಷಿ. ಕಳೆದ ವರ್ಷ ಶಿವಮೊಗ್ಗದಿಂದ ಬಂದಾಗ ಅವರ ಬಲಗೈಯ ಉಂಗುರದ ಬೆರಳು ಬೆಳಿಗ್ಗೆ ಮಡಚಿಕೊಂಡು ನಿಂತುಬಿಡುತ್ತಿತ್ತು. ಇನ್ನೊಂದು ಕೈಯಿಂದ ಬಿಡಿಸಿದರೆ ಟಕ್ ಅಂತ ಸದ್ದಾಗಿ ತೆರೆದುಕೊಳ್ಳುತ್ತಿತ್ತು. ಡಾಕ್ಟರ್ ಟ್ರಿಗರ್ ಫಿಂಗರ್ ಅಂದರು. ಮಗ ನನ್ನ ಕಡೆ ತಿರುಗಿ, "ಟ್ರಿಗರ್‌ಗೆ ಕನ್ನಡದಲ್ಲಿ ಏನಮ್ಮ?" ಅಂದ. ಬಂದೂಕಿನ ಕುದುರೆ ಅಂದೆ. "ನಿಮ್ಮ ಬೆರಳಲ್ಲಿ ಬಂದೂಕಿನ ಕುದುರೆ ಇದೆಯಂತೆ ಅಜ್ಜಿ" ಅಂತ ಅವನು ಗಂಭೀರವಾಗಿ ಹೇಳಿದ. ಅತ್ತೆ ಡಾಕ್ಟರ ಮುಖ ನೋಡಿದರು, ಡಾಕ್ಟರ್ ನಮ್ಮ ಮುಖ ನೋಡಿದರು.

ಬೆರಳಿನ ಟೆಂಡನ್ ಅಂಗೈಯ ಬಳಿ ಬಿಗಿಯಾದ ಒಂದು ಉಂಗುರದೊಳಗೆ ಹಾದುಹೋಗುತ್ತದೆ. ಆ ಉಂಗುರ ದಪ್ಪವಾದರೆ, ದಾರದಲ್ಲಿ ಗಂಟು ಬಿದ್ದು ಸೂಜಿಯ ಕಣ್ಣಿನಲ್ಲಿ ಸಿಕ್ಕಿಕೊಂಡ ಹಾಗೆ ಟೆಂಡನ್ ಸಿಕ್ಕಿಕೊಳ್ಳುತ್ತದೆ. ಇಲ್ಲಿ ಸ್ಟೀರಾಯ್ಡ್ ಆ ಇಕ್ಕಟ್ಟನ್ನು ಸಡಿಲಿಸುತ್ತದೆ. ಬರೀ ಮರಗಟ್ಟಿಸುವ ಔಷಧಿಯೊಡನೆ ಹೋಲಿಸಿದ ಸಣ್ಣ ಪ್ರಯೋಗಗಳಲ್ಲಿ ಸ್ಟೀರಾಯ್ಡೇ ಮುಂದಿತ್ತು. ಅಂದರೆ ಮೊಣಕೈಗೆ ನನ್ನನ್ನು ಹಿಂದಕ್ಕೆ ತಳ್ಳಿದ ಅದೇ ಔಷಧಿ ಬೆರಳಿಗೆ ನ್ಯಾಯವಾದ ಆಯ್ಕೆ. ಇಲ್ಲಿ ಯಾರಿಗೆ ಮರುಕಳಿಸೀತು ಎಂಬ ಸುಳಿವುಗಳೂ ಇವೆ. ಅಮೆರಿಕದಲ್ಲಿ 2008ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಇನ್ಸುಲಿನ್ ತೆಗೆದುಕೊಳ್ಳುವ ಮಧುಮೇಹಿಗಳು, ವಯಸ್ಸಿನಲ್ಲಿ ಚಿಕ್ಕವರು, ಬೇರೆ ಬೆರಳುಗಳಿಗೂ ಇದೇ ತೊಂದರೆ ಇದ್ದವರು, ತೋಳಿನ ಬೇರೆ ಟೆಂಡನ್ ನೋವು ಮೊದಲೇ ಕಂಡವರು, ಇವರಿಗೆ ಮತ್ತೆ ಬರುವುದು ಹೆಚ್ಚಾಗಿತ್ತು. ಕೋಚಿಂಗಿನ ಫೋಟೋ ಪಾಠದ ಪ್ರಕಾರ ಇದೂ ಒಂದು ಕಡೆಯ ಗೋಡೆಯೇ. ಆದರೂ ಎದುರಿಗೆ ಕೂತು ನಿರ್ಧಾರ ಮಾಡುವಾಗ ಇದರಿಂದ ಉಪಯೋಗ ಇದೆ.

ಅತ್ತೆಗೆ ಮಧುಮೇಹ ಇದೆ, ಮಾತ್ರೆ ಮಾತ್ರ, ಇನ್ಸುಲಿನ್ ಇಲ್ಲ. ಇದನ್ನು ಡಾಕ್ಟರಿಗೆ ಹೇಳಿದ್ದು ನನ್ನ ಮಗ. ಅತ್ತೆ ತಾವಾಗಿ ಹೇಳುತ್ತಿರಲಿಲ್ಲ. ಬೆರಳಿಗೂ ಸಕ್ಕರೆಗೂ ಏನು ಸಂಬಂಧ ಅನ್ನುವುದು ಅವರ ವಾದ. ಸಂಬಂಧ ಎರಡು ಕಡೆಯಿಂದಲೂ ಇದೆ. ಮಧುಮೇಹ ಇದ್ದವರಿಗೆ ಟ್ರಿಗರ್ ಫಿಂಗರ್ ಬರುವುದೇ ಹೆಚ್ಚು. ಮತ್ತೆ ಬೆರಳಿಗೆ ಹಾಕಿದ ಸ್ಟೀರಾಯ್ಡ್ ಬೆರಳಿನಲ್ಲೇ ಉಳಿಯುವುದಿಲ್ಲ, ಕೆಲವು ದಿನ ರಕ್ತದ ಸಕ್ಕರೆಯನ್ನು ಏರಿಸುತ್ತದೆ. ಅಜ್ಜಿ ತಾತನ ಜೊತೆ ಹೋದಾಗ ಕೇಳಿದ್ದನ್ನಷ್ಟೇ ಅನುವಾದ ಮಾಡಿ ಕೂರಬೇಡಿ. ಅವರು ಹೇಳದೆ ಬಿಟ್ಟಿದ್ದನ್ನೂ ಹೇಳಿ.

ಹೆಬ್ಬೆರಳಿನ ಬುಡದ ನೋವಿನ ಕಥೆಯೂ ಕೊಳವೆಯದೇ. ಮಗುವನ್ನು ಎತ್ತಿ ಎತ್ತಿ ಹೊಸ ತಾಯಂದಿರಿಗೆ ಬರುವ ನೋವು ಅದು, ಮೊಮ್ಮಗುವನ್ನು ನೋಡಿಕೊಳ್ಳಲು ಬಂದ ಅಜ್ಜಿಯರಿಗೂ ಬಿಡುವುದಿಲ್ಲ. 1895ರಲ್ಲಿ ಅದನ್ನು ವಿವರಿಸಿದ ಸ್ವಿಸ್ ಶಸ್ತ್ರಚಿಕಿತ್ಸಕ ಫ್ರಿಟ್ಜ್ ದ ಕೆರ್ವಾ ಅವರ ಹೆಸರೇ ಅದಕ್ಕಿದೆ. ಅಲ್ಲಿ ಎರಡು ಟೆಂಡನ್ನುಗಳು ಒಂದೇ ಕೊಳವೆಯಲ್ಲಿ ಹೋಗುತ್ತವೆ. ಕೆಲವರಿಗೆ ಹುಟ್ಟಿನಿಂದಲೇ ಆ ಕೊಳವೆಯ ನಡುವೆ ಒಂದು ಗೋಡೆ ಇರುತ್ತದೆ. ಔಷಧಿ ಒಂದು ಕೋಣೆಗೆ ಬಿದ್ದರೆ ಇನ್ನೊಂದಕ್ಕೆ ತಲುಪುವುದಿಲ್ಲ. ಅಂಥವರಲ್ಲಿ ಇಂಜೆಕ್ಷನ್ ಸೋಲುವುದು ಹೆಚ್ಚು. ಆ ಗೋಡೆಯನ್ನು ಅಲ್ಟ್ರಾಸೌಂಡಿನಲ್ಲಿ ನೋಡಬಹುದು, ನೋಡಿ ಸರಿಯಾದ ಕೋಣೆಗೇ ಸೂಜಿ ಹಾಕಬಹುದು. ನನ್ನ ಮಗ ಹುಡುಕುತ್ತಿದ್ದ ಉತ್ತರಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ನನಗೆ ಸಿಕ್ಕಿಲ್ಲ. ಯಾರಿಗೆ ಕೆಲಸ ಮಾಡುವುದಿಲ್ಲ ಅಂತ ಗೊತ್ತು, ಯಾಕೆ ಅಂತಲೂ ಗೊತ್ತು, ಏನು ಮಾಡಬೇಕು ಅಂತಲೂ ಗೊತ್ತು.

ಅಕಿಲಿಸ್ ಮತ್ತು ಮಂಡಿಚಿಪ್ಪಿನ ಕೆಳಗಿನ ಟೆಂಡನ್ನಿಗೆ ಸ್ಟೀರಾಯ್ಡ್ ಚುಚ್ಚಲು ಡಾಕ್ಟರುಗಳು ಹಿಂಜರಿಯುತ್ತಾರೆ. ಮೈಭಾರ ಹೊರುವ ಹಗ್ಗಗಳವು, ಹರಿಯುವ ಭಯ. ಸೊಂಟದ ಪಕ್ಕದ ಟೆಂಡನ್ ನೋವಿಗೆ ಆಸ್ಟ್ರೇಲಿಯಾದಲ್ಲೇ 204 ಜನರ ಪ್ರಯೋಗ 2018ರಲ್ಲಿ ಪ್ರಕಟವಾಯಿತು. ಎಂಟು ವಾರಕ್ಕೆ ತಿಳಿವಳಿಕೆ ಮತ್ತು ವ್ಯಾಯಾಮದ ಗುಂಪಿನಲ್ಲಿ ನೂರಕ್ಕೆ 77 ಜನ ಸುಧಾರಿಸಿದ್ದರು, ಸ್ಟೀರಾಯ್ಡಿನಲ್ಲಿ 58, ಕಾದವರಲ್ಲಿ 29. ಮಲಗಿದಾಗ ಪಕ್ಕ ತಿರುಗಲು ಆಗುವುದಿಲ್ಲ ಅನ್ನುವ ಅಮ್ಮಂದಿರಿಗೆ ಇದನ್ನು ಹೇಳಿ.

ಆಟವಾಡುವವರು ಕೇಳುವ ಇನ್ನೊಂದು ಇಂಜೆಕ್ಷನ್ ಪಿ.ಆರ್.ಪಿ. ನಿಮ್ಮದೇ ರಕ್ತ ತೆಗೆದು, ಯಂತ್ರದಲ್ಲಿ ತಿರುಗಿಸಿ, ಪ್ಲೇಟ್‌ಲೆಟ್ ಹೆಚ್ಚಿರುವ ಭಾಗವನ್ನು ಟೆಂಡನ್ನಿಗೆ ಚುಚ್ಚುವುದು. ಕೇಳಲು ಚೆನ್ನಾಗಿದೆ, ಬಿಲ್ಲು ಮಾತ್ರ ದೊಡ್ಡದು. ಬ್ರಿಟನ್ನಿನಲ್ಲಿ ಅಕಿಲಿಸ್ ನೋವಿನ 240 ಜನರಲ್ಲಿ ಅರ್ಧಕ್ಕೆ ಪಿ.ಆರ್.ಪಿ., ಅರ್ಧಕ್ಕೆ ಸುಳ್ಳು ಇಂಜೆಕ್ಷನ್ ಕೊಟ್ಟು ಆರು ತಿಂಗಳು ನೋಡಿದರು, 2021ರಲ್ಲಿ ಬರೆದರು: ವ್ಯತ್ಯಾಸ ಇಲ್ಲ. ಅದೇ ವರ್ಷ ಮೊಣಕೈ ನೋವಿನ 32 ಅಧ್ಯಯನಗಳನ್ನು ಒಟ್ಟಿಗೆ ತೂಗಿದ ಕಾಕ್ರೇನ್ ವಿಮರ್ಶೆಯೂ ಹೇಳಿಕೊಳ್ಳುವಂಥ ಪ್ರಯೋಜನ ಇರಲಾರದು ಅಂದಿತು. "ಎಲ್ಲರಿಗೂ ಅಲ್ಲ, ನಿನ್ನಂಥವರಿಗೆ ಕೆಲಸ ಮಾಡುತ್ತೆ" ಅಂತ ಕ್ಲಿನಿಕ್ಕಿನಲ್ಲಿ ಯಾರಾದರೂ ಹೇಳಿದರೆ, ನನ್ನಂಥವರಿಗೆ ಅದಿಲ್ಲದೆ ಏನಾಯಿತು ಅಂತ ಕೇಳಿ. ಮರ್ಯಾದೆಯಿಂದಲೇ ಕೇಳಿ, ಆದರೆ ಕೇಳಿ.

ನನ್ನ ಮೊಣಕೈಗೆ ಎರಡನೇ ಇಂಜೆಕ್ಷನ್ ಹಾಕಿಸಲಿಲ್ಲ. ಫಿಸಿಯೋ ಹೇಳಿಕೊಟ್ಟ ಹಾಗೆ ಅರ್ಧ ಕಿಲೋ ತೊಗರಿಬೇಳೆ ಪ್ಯಾಕೆಟ್ ಹಿಡಿದು ಮಣಿಕಟ್ಟನ್ನು ನಿಧಾನಕ್ಕೆ ಏರಿಸಿ ಇಳಿಸಿದೆ, ಆಮೇಲೆ ಒಂದು ಕಿಲೋ. ಒಂಬತ್ತು ತಿಂಗಳು ಹಿಡಿಯಿತು. ವ್ಯಾಯಾಮದಿಂದ ವಾಸಿಯಾಯಿತೋ ಕಾಲವೇ ವಾಸಿ ಮಾಡಿತೋ ಅಂತ ಮಗ ಕೇಳುತ್ತಾನೆ. ಅವನಿಗೆ ಈ ಪ್ರಶ್ನೆ ಕಲಿಸಿದ್ದು ನಾನೇ, ಬೈಯುವ ಹಾಗಿಲ್ಲ.

ಅತ್ತೆಯ ಬೆರಳಿಗೆ ಇಂಜೆಕ್ಷನ್ ಕೊಟ್ಟರು. ಐದು ದಿನ ಸಕ್ಕರೆ ಏರಿತ್ತು, ಮಗನೇ ದಿನಾ ಅಳೆದು ಬರೆದಿಟ್ಟ. ಎರಡು ವಾರಕ್ಕೆ ಬೆರಳು ಬಿಡಿಸಿಕೊಂಡಿತು. ಈಗ ಹತ್ತು ತಿಂಗಳಾಯಿತು. ಮೊನ್ನೆ ಭಾನುವಾರ ವಿಡಿಯೋ ಕಾಲಿನಲ್ಲಿ ಶಿವಮೊಗ್ಗದಿಂದ ಅದನ್ನು ಮಡಚಿ ಬಿಡಿಸಿ ತೋರಿಸಿದರು. ಪಕ್ಕದ ನಡುಬೆರಳು ಬೆಳಗಿನ ಹೊತ್ತು ಸ್ವಲ್ಪ ಹಿಡಿಯುತ್ತಿದೆಯಂತೆ.